ಮುಖ ನೋಡಿ ಎಣಿಸಬೇಕು

೩ ಸೆಪ್ಟೆಂಬರ್ ೧೯೮೯, ಭಾನುವಾರ ಸಂಜೆ

ಅಕ್ಕಾ,

ಕಾಲೆರಡೂ ನನ್ನವಲ್ಲ ಎನ್ನುವ ಹಾಗಿವೆ. ಅವನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು, ತೊಡೆಯ ಮೇಲೆ ತಟ್ಟೆ ಬೋರಲು ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಬೈಯಬೇಡ. ಕೆಳಗಿನ ಬ್ರೆಡ್ಡಿನಂಗಡಿಯವಳು ಆರು ತಿಂಗಳಿಂದ ಕರೆಯುತ್ತಿದ್ದಳಲ್ಲ, ಭಾನುವಾರ ಗುಡ್ಡ ಸುತ್ತುವ ಗುಂಪಿಗೆ, ಕಡೆಗೂ ಸೇರಿಬಿಟ್ಟೆ. ಇವತ್ತಿಗೆ ಮೂರನೆಯ ಸಲ. ಮೊದಲೆರಡು ಸಲದ ಸುದ್ದಿ ನಿನಗೆ ಬರೆಯಲಿಲ್ಲ. 'ಗುರುತು ಪರಿಚಯ ಇಲ್ಲದವರ ಜೊತೆ ಗುಡ್ಡ ಬೆಟ್ಟ ಅಲೀತೀಯಾ' ಎಂದು ನೀನು ಶುರುಮಾಡುತ್ತೀ ಎಂದು ಗೊತ್ತಿತ್ತು. ಈಗ ಶುರುಮಾಡು.

ನಾವು ಹನ್ನೊಂದು ಜನ. ಮುಂದೆ ನಡೆಯುವವರು ರಿಟೈರಾದ ಡ್ರಿಲ್ ಮೇಡಂ. ಅವರು ತಿರುಗಿ ನೋಡಿದರೆ ಕುರಿಗಳೂ ಸಾಲಾಗಿ ನಿಲ್ಲುತ್ತವೆ. ಎಲ್ಲರಿಗಿಂತ ಹಿರಿಯರು ಗಡಿಯಾರದ ತಾತ. ವಯಸ್ಸು ಎಪ್ಪತ್ತಾರು, ಗಡಿಯಾರ ರಿಪೇರಿ ಮಾಡಿಕೊಂಡಿದ್ದವರು, ಈಗ ಒಬ್ಬರೇ. ನಾನು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿದ್ದೇನೆ ಎಂದು ಗೊತ್ತಾದ ಕೂಡಲೇ, ಎಲ್ಲರೂ ಊಟಕ್ಕೆ ಕೂತಿರುವಾಗ, ತಮ್ಮ ಕೆಳಗಿನ ಸೆಟ್ಟು ತೆಗೆದು ನನ್ನ ಅಂಗೈಯಲ್ಲಿಟ್ಟು 'ಎಡಗಡೆ ಚುಚ್ಚುತ್ತೆ, ನೋಡಮ್ಮಾ' ಅಂದರು. ಉಗುರು ಉಜ್ಜುವ ಅರದಲ್ಲೇ ಸ್ವಲ್ಪ ಉಜ್ಜಿ ಕೊಟ್ಟೆ. ಅವತ್ತಿನಿಂದ ನಾನು ಅವರ ಖಾಸಾ ಡಾಕ್ಟರು.

ಈ ದೇಶದಲ್ಲಿ ನಡೆಯುವ ದಾರಿ ಹೊಲಗಳ ನಡುವೆಯೇ ಹೋಗುತ್ತದೆ. ಹೊಲಕ್ಕೊಂದು ಮರದ ಗೇಟು. ಸಾಲಿನ ಕಡೆಯವರನ್ನು 'ಬಾಲ' ಅನ್ನುತ್ತಾರೆ, ಕುತ್ತಿಗೆಗೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟುತ್ತಾರೆ. ಎಲ್ಲರೂ ದಾಟಿದ ಮೇಲೆ ಬಾಲ ಗೇಟಿಗೆ ಕೊಕ್ಕೆ ಹಾಕಿ, ಜನ ಎಣಿಸಿ, ಸಂಖ್ಯೆ ಕೂಗಬೇಕು. ಅದು ಬಾಯಿಂದ ಬಾಯಿಗೆ ದಾಟಿ ಮೇಡಂ ಕಿವಿಗೆ ಬಿದ್ದ ಮೇಲೇ ಸಾಲು ಹೊರಡುವುದು. ನಮ್ಮಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದರು, ಅವರ ಸೀಟಿ ನನ್ನ ಹತ್ತಿರವೇ ಇದೆ ಎಂದು ಬಾಯಿಬಿಟ್ಟೆ ನೋಡು, ಮೇಡಂ ಆ ಬಟ್ಟೆ ತಂದು ನನಗೇ ಕಟ್ಟಿದರು. ಅಪ್ಪನಿಗೆ ಹೇಳು. 'ತಲೆ ಎಣಿಸಬೇಡ, ಎಲ್ಲಾರ ತಲೇನೂ ಒಂದೇ ಥರ ಇರುತ್ತೆ. ಮುಖ ನೋಡಿ ಎಣಿಸು' ಅನ್ನುತ್ತಿದ್ದರಲ್ಲ, ಹಾಗೇ ಎಣಿಸಿದೆ. ಆರು ಗೇಟು, ಆರು ಸಲವೂ ಹನ್ನೊಂದು.

ಒಂದೇ ಒಂದು ಬೇಸರ. ತಾತ ನಿಧಾನ. ಎರಡು ಕಡೆ ಸಾಲು ಅವರಿಗಾಗಿ ಕಾದಿತು. ಕಡೆಗೆ ಬಸ್‌ಸ್ಟಾಪಿನಲ್ಲಿ ಮೇಡಂ ಎಲ್ಲರೆದುರೇ 'ಇನ್ನೊಂದು ಸಲ ಹೀಗಾದ್ರೆ ನೀವು ಮನೇಲೇ ಇರಿ' ಅಂದರು. ತಾತ ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು.

ಅಂದಹಾಗೆ, ನಿನ್ನ ಹಿಂದಿನ ಎರಡು ಕಾಗದದಲ್ಲೂ ಅಪ್ಪನ ಸಾಲಿಲ್ಲ. ಕಾಗದದ ತುದಿಯಲ್ಲಿ ಒಂದೂವರೆ ಸಾಲು ಗೀಚಿ 'ರೈಟ್' ಎಂದು ಬರೆಯದಿದ್ದರೆ ಅಪ್ಪನಿಗೆ ಅಂಚೆ ಹೊರಡುವುದಿಲ್ಲ ಅನ್ನಿಸುತ್ತಿತ್ತಲ್ಲ? ಕೋಪವೇ?

ಅರ್ಧ ಟಿಕೆಟ್

•

೧೪ ಸೆಪ್ಟೆಂಬರ್

ಅರ್ಧ ಟಿಕೆಟ್ಟೇ,

ಅಪ್ಪ ಇಟ್ಟ ಹೆಸರು ಸುಳ್ಳಾಗಲಿಲ್ಲ, ಮೂವತ್ತು ತುಂಬಿದರೂ ನಿನಗೆ ಬುದ್ಧಿ ಅರ್ಧವೇ. ಕಂಡವರ ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದೆಯಂತೆ, ಅದೂ ಊಟದ ಹೊತ್ತಿನಲ್ಲಿ! ಬೂಟು ಚೆನ್ನಾಗಿರುವುದು ಕೊಂಡುಕೋ, ಬೇರೇನೂ ಹೇಳುವುದಿಲ್ಲ. ಹೇಳಿದರೆ ನೀನು ಕೇಳುವವಳೂ ಅಲ್ಲ.

ಒಂದು ಮಾತು ಮಾತ್ರ. ಆ ತಾತನಿಗೆ ಎದುರಾಡಬೇಡ. ವಯಸ್ಸಾದವರಿಗೆ ನಾಲ್ಕು ಜನರ ಮುಂದೆ ಅವಮಾನವಾದರೆ ತಡೆದುಕೊಳ್ಳುವುದು ಕಷ್ಟ. ಅವರು ಹೇಳಿದ ಹಾಗೆ ಕೇಳು, ನಿನ್ನ ಗಂಟೇನೂ ಹೋಗುವುದಿಲ್ಲ. ದೊಡ್ಡವರು ಬಾಯಿಬಿಟ್ಟು ಏನಾದರೂ ಕೇಳಿದರೆ ಇಲ್ಲ ಅನ್ನಬಾರದು. ನನಗೆ ಈಚೆಗೆ ಇದು ಚೆನ್ನಾಗಿ ಅರ್ಥವಾಗಿದೆ.

ಅಪ್ಪ ಚೆನ್ನಾಗಿದ್ದಾರೆ. ಕನ್ನಡಕದ ಕಡ್ಡಿ ಮುರಿದಿದೆ, ಅದಕ್ಕೇ ಬರೆದಿಲ್ಲ. ನಿನ್ನ ಭಾವ ಬೆಳಿಗ್ಗೆ ಅವರಿಗೆ ಶೇವ್ ಮಾಡುತ್ತಿದ್ದಾಗ ನಿನ್ನ ಕಾಗದ ಓದಿ ಹೇಳಿದೆ, ಕಿತ್ತಳೆ ಬಟ್ಟೆಯ ಸುದ್ದಿಗೆ ಖುಷಿಪಟ್ಟರು. ಕೋಪ ಗೀಪ ಏನಿಲ್ಲ. ನಾನು ಹೊಲಿಗೆ ಮಷೀನನ್ನು ಅಂಗಡಿಯಿಂದ ಮನೆಗೆ ತಂದುಕೊಂಡಿದ್ದೇನೆ. ಅಂಗಡಿಗೆ ಸುಣ್ಣ ಬಳಿಸಬೇಕು. ಶಾಲೆಯವರು ಇನ್ನೂರು ಜೊತೆ ಯೂನಿಫಾರಂ ಕೇಳಿದ್ದಾರೆ, ಗುಂಡಿ ಹೊಲಿದು ಹೊಲಿದು ಬೆರಳ ತುದಿ ಜಾಲರಿಯಾಗಿದೆ. ಇನ್ನು ನಿಲ್ಲಿಸುತ್ತೇನೆ.

ಅಕ್ಕ

•

೨೬ ಸೆಪ್ಟೆಂಬರ್

ಅಕ್ಕಾ,

ನಿನ್ನ ಕಾಗದ ಶನಿವಾರ ಬಂತು. ನಾನು ಚೆನ್ನಾಗಿದ್ದೇನೆ. ಮೊನ್ನೆ ಭಾನುವಾರ ನಡೆಯಲು ಹೋಗಿದ್ದೆವು, ತುಂಬಾ ಮಂಜಿತ್ತು. ವಿಶೇಷವೇನಿಲ್ಲ.

ಅಪ್ಪನನ್ನು ಒಂದು ಪ್ರಶ್ನೆ ಕೇಳು. ಬಸ್ಸು ನಿಂತಾಗ ಪ್ಯಾಸೆಂಜರೊಬ್ಬರು ಕೆಳಗಿಳಿದು, ನೀವು ನಡೀರಿ, ನಾನು ಬಂದೆ ಅಂತ ತಿಳ್ಕೊಳ್ಳಿ ಎಂದು ತಾವೇ ಬಾಯಿಬಿಟ್ಟು ಹೇಳಿದರೆ, ಕಂಡಕ್ಟರ್ ರೈಟ್ ಹೇಳಬಹುದೇ? ಹೇಳಿದರೆ ಆಮೇಲಿನದು ಯಾರ ತಪ್ಪು? ಉತ್ತರ ಅಪ್ಪನದೇ ಬೇಕು, ನಿನ್ನದಲ್ಲ. ಬೇಗ ಬರಿ.

ಅರ್ಧ ಟಿಕೆಟ್

•

೨ ಅಕ್ಟೋಬರ್

ಅಕ್ಕಾ,

ನಿನ್ನ ಉತ್ತರ ಬರುವ ತನಕ ಕಾಯುವ ಶಕ್ತಿ ನನಗಿಲ್ಲ. ವಿಶೇಷವೇನಿಲ್ಲ ಎಂದು ಬರೆದದ್ದು ಸುಳ್ಳು. ಇದನ್ನು ನೀನೊಬ್ಬಳೇ ಓದಿಕೋ, ಅಪ್ಪನಿಗೆ ಓದಿ ಹೇಳಬೇಡ.

ಅವತ್ತು ಮೂರನೆಯ ಗೇಟಿನ ಹತ್ತಿರ ಗಡಿಯಾರದ ತಾತ ಕಲ್ಲುಗೋಡೆಯ ಮೇಲೆ ಕೂತು ಬೂಟು ಸಡಿಲ ಮಾಡಿಕೊಂಡರು. ಮಿಕ್ಕವರೆಲ್ಲ ಗೇಟು ದಾಟಿ ಮಂಜಿನೊಳಗೆ ಹೋಗಿದ್ದರು. ಮುಖ ಬಿಳಿಚಿತ್ತು ಅವರದು. 'ಕಾಲು ಹಿಡ್ಕೊಂಡಿದೆ ಕಣಮ್ಮಾ, ಐದು ನಿಮಿಷ. ನೀನು ನಡಿ. ನನ್ನನ್ನೂ ಸೇರಿಸಿ ಹನ್ನೊಂದು ಅನ್ನು' ಅಂದರು. ನಾನು ಮುಂದೆ ಹೋದವರ ಕಡೆ ತಿರುಗಿ ನೋಡಿದೆ. 'ಇಲ್ಲ ಅಂದ್ರೆ ಅವಳು ನನ್ನ ಮನೇಲಿ ಕೂರಿಸ್ತಾಳೆ. ಮನೇಲಿ ಬರೀ ಗಡಿಯಾರ ಇರೋದು' ಅಂದರು. ನಿನ್ನ ಕಾಗದ ಹಿಂದಿನ ದಿನವಷ್ಟೇ ಬಂದಿತ್ತು ಅಕ್ಕಾ. ದೊಡ್ಡವರು ಕೇಳಿದರೆ ಇಲ್ಲ ಅನ್ನಬಾರದು. ನಿನ್ನ ಮೇಲೆ ಹಾಕುತ್ತಿಲ್ಲ, ನೀನು ಬರೆಯದಿದ್ದರೂ ನಾನು ಹಾಗೇ ಮಾಡುತ್ತಿದ್ದೆ. ನಮ್ಮನ್ನು ಬೆಳೆಸಿರುವುದೇ ಹಾಗೆ. ಅವರು ಬರಲಿ ಎಂದು ಗೇಟಿಗೆ ಕೊಕ್ಕೆ ಹಾಕದೆ ಬಿಟ್ಟೆ. ನನ್ನದೂ ಸೇರಿ ಹತ್ತೇ ಮುಖ ಎಣಿಸಿ ಹನ್ನೊಂದು ಎಂದು ಕೂಗಿದೆ.

ನಾಲ್ಕನೆಯ ಗೇಟಿನಲ್ಲಿ ಹಿಂದೆ ಅವರ ಕೋಲಿನ ಸದ್ದು ಕೇಳಿದ ಹಾಗಾಯಿತು. ಅಲ್ಲೂ ಹನ್ನೊಂದು ಅಂದೆ. ಅವತ್ತಿನ ದಾರಿಗೆ ಐದನೆಯದೇ ಕಡೆಯದು, ಅದರಲ್ಲಿ ಯಾವ ಸದ್ದೂ ಇರಲಿಲ್ಲ, ಆದರೂ ಅಂದೆ. ಅಷ್ಟು ಹೊತ್ತಿಗೆ ಹತ್ತು ಎಂದು ಹೇಳಲು ಬಾಯೇ ಬರಲಿಲ್ಲ.

ಬಸ್‌ಸ್ಟಾಪಿನಲ್ಲಿ ಹತ್ತೇ ಜನ. ಮೇಡಂ ನನ್ನ ಕಡೆ ತಿರುಗಿ 'ಕಡೇ ಸಲ ಎಲ್ಲಿ ನೋಡಿದ್ದು?' ಅಂದರು. ಮೂರನೆಯದು ಎಂದರೆ ಆಮೇಲಿನ ಎರಡು ಹನ್ನೊಂದೂ ಸುಳ್ಳೆಂದು ಗೊತ್ತಾಗುತ್ತಿತ್ತು. ಐದನೇ ಗೇಟು ಎಂದುಬಿಟ್ಟೆ. ಎಲ್ಲರೂ ಐದನೆಯ ಗೇಟಿನ ಕೆಳಗಿನ ಇಳಿಜಾರಿನಲ್ಲಿ ಕೂಗುತ್ತಾ ಹುಡುಕಿದರು. ನಾನೂ ಕೂಗಿದೆ. ಅಲ್ಲಿ ಇಲ್ಲ ಎಂದು ಗೊತ್ತಿದ್ದೂ ಪೊದೆ ಪೊದೆ ಸರಿಸಿ ನೋಡಿದೆ. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ. ಒಂದೂಕಾಲು ಗಂಟೆಯಾದ ಮೇಲೆ ತಡೆಯಲಾರದೆ 'ನನಗ್ಯಾಕೋ ಅನುಮಾನ, ಮೂರನೇ ಗೇಟಿನ ಹತ್ರಾನೂ ನೋಡೋಣ' ಅಂದೆ. ಅನುಮಾನವಂತೆ!

ಅಲ್ಲೇ ಇದ್ದರು. ಗೋಡೆಯಾಚೆಯ ಚರಂಡಿಯಲ್ಲಿ, ಕಾಲು ಮುರಿದು, ಅರ್ಧ ಮೈ ನೀರಿನಲ್ಲಿ. ಬಾಯಿ ಒಳಗೆ ಸೇದಿಹೋಗಿತ್ತು, ಹಲ್ಲಿನ ಸೆಟ್ಟು ಪಕ್ಕದ ಕಲ್ಲಿನ ಮೇಲೆ ಎರಡು ಹೋಳಾಗಿತ್ತು. ಹೊತ್ತು ತರುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಆಸ್ಪತ್ರೆಯಲ್ಲಿ ಎದೆಗೆ ಕಫ ಇಳಿದಿದೆ ಅಂದರು. ಒಂದು ಗಂಟೆ ಮೊದಲು ಸಿಕ್ಕಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ನಾಲ್ಕು ದಿನ ಅವರಿಗೆ ಪ್ರಜ್ಞೆ ಇರಲಿಲ್ಲ. ಲ್ಯಾಬಿನಲ್ಲಿ ನಾನು ಮೇಣದಲ್ಲಿ ಹಲ್ಲು ಜೋಡಿಸುತ್ತಾ ಮೇಲಿನ ಸಾಲಿನದನ್ನು ಕೆಳಗೆ ಕೂರಿಸಿ ಬೈಸಿಕೊಂಡೆ. ಐದನೆಯ ದಿನ ಅವರು ಕಣ್ಣು ಬಿಟ್ಟರು. ಬಿಟ್ಟವರೇ ಬೊಚ್ಚುಬಾಯಲ್ಲಿ ಮೇಡಂಗೆ ಏನು ಹೇಳಿದರು ಗೊತ್ತಾ? 'ತಪ್ಪು ನಂದು. ಹುಡುಗಿಗೆ ಹೇಳದೆ ಹಿಂದಕ್ಕೆ ಹೋದೆ.' ನಾನು ಅಲ್ಲೇ ಇದ್ದೆ. ನನ್ನ ಕೈ ಹಿಡಿದು ಅದುಮಿದರು, ಸುಮ್ಮನಿರು ಅನ್ನುವ ಹಾಗೆ.

ಈಗ ಎಲ್ಲರಿಗೂ ನಾನು ದೇವರು. ನನ್ನ ಅನುಮಾನದಿಂದಲೇ ಜೀವ ಉಳಿಯಿತಂತೆ. ಬ್ರೆಡ್ಡಿನಂಗಡಿಯವಳು ಮೂರು ದಿನದಿಂದ ಬಾಗಿಲಿಗೆ ಬಿಸಿ ಬ್ರೆಡ್ಡು ತಂದಿಡುತ್ತಾಳೆ, ನನಗೆ ನುಂಗಲಾಗುವುದಿಲ್ಲ. ಹದಿನೈದನೇ ತಾರೀಕು ಮತ್ತೆ ನಡಿಗೆ, ಮತ್ತೆ ನಾನೇ ಬಾಲ. ತಾತನಿಗೆ ಇನ್ನೂ ಜ್ವರ ಬಿಟ್ಟಿಲ್ಲ. ನಾನು ಬಾಯಿಬಿಟ್ಟರೆ ಇವರ್ಯಾರೂ ಇನ್ನು ನನ್ನ ಮುಖ ನೋಡುವುದಿಲ್ಲ. ಎರಡು ವರ್ಷದಲ್ಲಿ ನನಗೆ ಇಲ್ಲಿ ಸಿಕ್ಕವರು ಇವರಷ್ಟೇ ಅಕ್ಕಾ. ಸುಮ್ಮನಿರಲೇ, ಹೇಳಲೇ?

ಅರ್ಧ ಟಿಕೆಟ್

•

೬ ಅಕ್ಟೋಬರ್

ಅರ್ಧ ಟಿಕೆಟ್ಟೇ,

ನಿನ್ನ ೨೬ರ ನಾಲ್ಕು ಸಾಲಿನ ಕಾಗದ ಈಗ ಬಂತು. ನಾನು ಕತ್ತೆ ವಯಸ್ಸಿನವಳು, ಬಸ್ಸು ಪ್ಯಾಸೆಂಜರು ಎಂದು ಸುತ್ತಿ ಬಳಸಿ ಬರೆದರೆ ಗೊತ್ತಾಗುವುದಿಲ್ಲವೇ? ಯಾರವನು? ನೀನು ನಡಿ, ನಾನು ಬಂದೆ ಅಂತ ತಿಳ್ಕೋ ಎಂದು ಮಧ್ಯದಲ್ಲಿ ಇಳಿದುಹೋದ ಮಹರಾಯ ಯಾರು? ಆ ಗುಂಪಿನವನೇ ಇರಬೇಕು. ಹೋದರೆ ಹೋಗಲಿ ಬಿಡು. ಹೋದವನ ಹಿಂದೆ ನೀನು ಮಂಜಿನಲ್ಲಿ ಅಲೆಯಬೇಡ.

ಅಪ್ಪನನ್ನು ಕೇಳಿದೆ. ಅವರೇ ಹೇಳಿದ್ದು ಇದು: 'ಇಳಿದೋರ ತಪ್ಪು. ತಾವಾಗೇ ಇಳಿದ ಮೇಲೆ ಕಂಡಕ್ಟರ್ ಏನು ಮಾಡಕ್ಕಾಗುತ್ತೆ? ರೈಟ್ ಹೇಳಿ ಮುಂದಕ್ಕೆ ಹೋಗ್ತಾ ಇರಬೇಕು.' ಕೇಳಿಸಿತಾ? ಮುಂದಕ್ಕೆ ಹೋಗು.

ಅಪ್ಪನ ಕನ್ನಡಕ ಇನ್ನೂ ರಿಪೇರಿಯಲ್ಲೇ ಇದೆ. ನಾವೆಲ್ಲ ಚೆನ್ನಾಗಿದ್ದೇವೆ.

ಅಕ್ಕ

•

೧೭ ಅಕ್ಟೋಬರ್

ಅಕ್ಕಾ,

ನಿನ್ನೆ ನಿನ್ನ ಕಾಗದ ಬಂತು. ಅದಕ್ಕೆ ಮೊದಲೇ, ಭಾನುವಾರ, ನಾನು ಹೇಳಿಬಿಟ್ಟಿದ್ದೆ.

ಮೊದಲನೆಯ ಗೇಟಿನಲ್ಲಿ ಮೇಡಂ ಕಿತ್ತಳೆ ಬಟ್ಟೆ ತಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನೇ ನನಗೆ ತಡೆಯಲಾಗದೇ ಹೋದದ್ದು. ಕುತ್ತಿಗೆ ಹಿಂದಕ್ಕೆ ತೆಗೆದು, ಮೂರನೆಯ ಗೇಟಿನಲ್ಲಿ ತಾತ ಕೂತದ್ದು, ನಾನು ಮೂರು ಸಲ ಸುಳ್ಳು ಕೂಗಿದ್ದು, ಗೊತ್ತಿದ್ದೂ ಐದನೆಯದು ಎಂದು ತೋರಿಸಿದ್ದು, ಎಲ್ಲ ಹೇಳಿದೆ. ಇವರ ಭಾಷೆಯಲ್ಲಿ ನಾಲಿಗೆ ತೊದಲಿತು, ಆದರೂ ನಿಲ್ಲಿಸಲಿಲ್ಲ. ಬ್ರೆಡ್ಡಿನಂಗಡಿಯವಳು ನೆಲ ನೋಡುತ್ತಾ ನಿಂತಳು. ಕೊಳಾಯಿ ರಿಪೇರಿಯವನೊಬ್ಬನಿದ್ದಾನೆ, ಅವತ್ತು ತಾತನನ್ನು ಬೆನ್ನ ಮೇಲೆ ಹೊತ್ತು ತಂದವನು, ಅವನು 'ನಾನು ಆ ಇಳಿಜಾರಲ್ಲಿ ಎರಡು ಸಲ ಬಿದ್ದೆ' ಎಂದಷ್ಟೇ ಅಂದು ಆ ಕಡೆ ತಿರುಗಿಕೊಂಡ. ಮೇಡಂ ಬಟ್ಟೆಯನ್ನು ಮಡಿಸಿ ಅವನ ಕೈಗೆ ಕೊಟ್ಟರು. ನಾನು ವಾಪಸ್ ಹೊರಟೆ. 'ಎಲ್ಲಿಗೆ?' ಅಂದರು. 'ಮನೆಗೆ.' 'ಹೊರಟಾಗ ಹತ್ತು ಜನ ಇದ್ವಿ. ಒಂಬತ್ತು ಅಂತ ಕೂಗಕ್ಕೆ ನನಗಿಷ್ಟ ಇಲ್ಲ. ಮಧ್ಯದಲ್ಲಿ ನಡಿ.'

ನಡೆದೆ. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಪ್ರತಿ ಗೇಟಿನಲ್ಲೂ ಹಿಂದಿನಿಂದ ಹತ್ತು ಎಂದು ಬರುತ್ತಿತ್ತು, ಅದನ್ನು ನಾನು ಮುಂದಿನವರಿಗೆ ದಾಟಿಸುತ್ತಿದ್ದೆ. ಬ್ರೆಡ್ಡು ಬರುವುದು ನಿಂತಿದೆ. ತಾತನಿಗೆ ಜ್ವರ ಬಿಟ್ಟಿದೆ. ಯಾಕೆ ಹೇಳಿದೆ ಎಂದು ನನಗೇ ಬೈದರು, ಬೈದು ಮುಗಿದ ಮೇಲೆ ಹೊಸ ಸೆಟ್ಟಿಗೆ ಅಳತೆ ಕೊಟ್ಟರು.

ಈಗ ನಿನ್ನ ಸರದಿ.

'ಇಳಿದೋರ ತಪ್ಪು' ಎಂದು ಅಪ್ಪ ಹೇಳಿದರಾ? ಮರೆತೆಯಾ ಅಕ್ಕಾ? ಬಸ್ಸು ನಿಂತಾಗ ನೀರಿಗೆಂದು ಇಳಿದ ಅಜ್ಜಿಯೊಬ್ಬಳನ್ನು ಬಿಟ್ಟು ಬಂದೆನೆಂದು ಎರಡು ಮೈಲಿಯಾದ ಮೇಲೆ ಗೊತ್ತಾಗಿ, ಅಪ್ಪ ಬಸ್ಸು ನಿಲ್ಲಿಸಿ, ನಲವತ್ತು ಜನರ ಕೈಲಿ ಉಗಿಸಿಕೊಂಡು, ಬಿಸಿಲಲ್ಲಿ ನಡೆದುಕೊಂಡು ಹೋಗಿ ಅವಳನ್ನು ಕರೆತಂದಿದ್ದರು. 'ಅವಳು ಇಳಿದಿದ್ದು ತಪ್ಪಲ್ಲ, ನಾನು ರೈಟ್ ಅಂದಿದ್ದು ತಪ್ಪು' ಎಂದು ನೂರು ಸಲ ಹೇಳಿದ್ದಾರೆ. ಆ ಬಾಯಿ ನೀನು ಬರೆದ ಮಾತನ್ನು ಆಡುವುದಿಲ್ಲ. ಅದು ನಿನ್ನ ಮಾತು.

ನಿನ್ನ ಹಳೆಯ ಕಾಗದ ತೆಗೆದು ಮತ್ತೆ ಓದಿದೆ. ಭಾವ ಅಪ್ಪನಿಗೆ ಶೇವ್ ಮಾಡುತ್ತಿದ್ದರಂತೆ. ಕ್ಷೌರಿಕನ ಕೈಗೂ ಗಡ್ಡ ಕೊಡದ ಮನುಷ್ಯ ಅಳಿಯನ ಕೈಗೆ ಯಾಕೆ ಕೊಟ್ಟರು? ಮಷೀನು ಮನೆಗೆ ಯಾಕೆ ಬಂತು? ಕನ್ನಡಕದ ಕಡ್ಡಿಯೊಂದು ರಿಪೇರಿಯಾಗಲು ಎರಡು ತಿಂಗಳು ಬೇಕಾ? ನಾನು ಅಪ್ಪನಿಗೆ ಕೋಪ ಎಂದುಕೊಂಡಿದ್ದೆ. ಅವರು ಇದ್ದಾರಾ ಅಕ್ಕಾ? ಇಲ್ಲದವರನ್ನು ಇದ್ದಾರೆ ಎಂದು ಕೂಗುವುದು ಹೇಗೆಂದು ನನಗೆ ಗೊತ್ತು, ನನ್ನ ಹತ್ತಿರ ಅದು ನಡೆಯುವುದಿಲ್ಲ. ಕೈಮುಗಿಯುತ್ತೇನೆ. ಮನೆಯಲ್ಲಿ ಎಷ್ಟು ಜನ ಇದ್ದೀರಿ, ಮುಖ ನೋಡಿ ಎಣಿಸಿ ಬರಿ.

ಅರ್ಧ ಟಿಕೆಟ್

•

೨೮ ಅಕ್ಟೋಬರ್

ಪುಟ್ಟೀ,

ಅಪ್ಪ ಇದ್ದಾರೆ. ಮೊದಲು ಅದನ್ನು ಓದಿಕೊಂಡು ಉಸಿರು ಬಿಡು. ನಾನು ಬರೆಯುತ್ತಿರುವಾಗ ನನ್ನ ಎಡಕ್ಕೆ, ಮಂಚದ ಮೇಲೆ, ದಿಂಬಿಗೆ ಒರಗಿ ಕೂತು ನನ್ನ ಪೆನ್ನನ್ನೇ ನೋಡುತ್ತಿದ್ದಾರೆ.

ಆಗಸ್ಟ್ ಒಂಬತ್ತನೆಯ ತಾರೀಕು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಬಾಯಿಯ ಬಲಭಾಗ. ಬದುಕುತ್ತಾರೆ ಎಂದು ನಾಲ್ಕನೆಯ ದಿನ ಗೊತ್ತಾಯಿತು. ಮಾತು ಒಂದಿಷ್ಟು ತಿರುಗಿದ ಕೂಡಲೇ ಮೊದಲು ಹೇಳಿದ್ದು, 'ಅವಳಿಗೆ ಬರೀಬೇಡ. ನನ್ನ ಸಾಲು ನಾನೇ ಬರೆಯೋ ತನಕ ಬರೀಬೇಡ.' ತಲೆಯ ಮೇಲೆ ಕೈ ಇಡಿಸಿಕೊಂಡು ಆಣೆ ಹಾಕಿಸಿದರು. ದೊಡ್ಡವರು ಕೇಳಿದರೆ ಇಲ್ಲ ಅನ್ನಬಾರದು ಎಂದು ನಿನಗೆ ನಾನು ಬರೆದದ್ದು ನನ್ನ ಕಥೆಯನ್ನೇ. ಅದು ಆ ಗುಡ್ಡದ ಮೇಲೆ ನಿನ್ನ ತಲೆಗೆ ಬರುತ್ತದೆ ಎಂದು ನನಗೇನು ಗೊತ್ತಿತ್ತು?

ನಿನ್ನ ಉದ್ದದ ಕಾಗದ ಬಂದು ಹದಿನೈದು ದಿನವಾಯಿತು. ಸುಮ್ಮನಿರಲೇ ಹೇಳಲೇ ಎಂದು ನೀನು ಕೇಳಿದ್ದೆ. ಸುಮ್ಮನಿರು ಎಂದು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಹೇಳು ಎಂದು ಬರೆಯಲು ನನಗೆ ಯಾವ ಮುಖವಿತ್ತು? ಬೆಳಗಾದರೆ ಅಪ್ಪನ ಕೈಗೆ ಎಣ್ಣೆ ಹಚ್ಚಿ, ಮಧ್ಯಾಹ್ನ ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯುತ್ತಿದ್ದವಳು ನಾನು. ಅಷ್ಟರಲ್ಲಿ ನಿನ್ನ ಇನ್ನೊಂದು ಕಾಗದ ಬಂತು. ನೀನು ಬೇಡ ಎಂದಿದ್ದರೂ ಎರಡನ್ನೂ ಅಪ್ಪನಿಗೆ ಓದಿ ಹೇಳಿದೆ.

ತಾತ ಚರಂಡಿಯಲ್ಲಿದ್ದ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡರು. ನೀನು ಎಲ್ಲರೆದುರು ಹೇಳಿದೆ ಎಂಬಲ್ಲಿ ಬಿಟ್ಟರು. ಆಮೇಲೆ ಅವರ ಹೆಸರಲ್ಲಿ ನಾನು ಕಟ್ಟಿ ಬರೆದ ಮಾತು ಬಂತು. ಎಡಗೈಯಿಂದ ಮಂಚ ಗುದ್ದಿದರು ಪುಟ್ಟೀ, ನೀರಿನ ಲೋಟ ಉರುಳಿತು. 'ನಾನು... ಹಂಗೆ... ಹೇಳಿಲ್ಲ' ಅಂದರು. ಎರಡು ತಿಂಗಳಲ್ಲಿ ಅಷ್ಟು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ನನಗೆ ಅಳುವೂ ಬಂತು, ನಗುವೂ ಬಂತು. ನಿನ್ನ ಭಾವ ಅಡುಗೆಮನೆಯಿಂದ ಓಡಿಬಂದರು.

ಇನ್ನೊಂದು ವಿಷಯ. ನಮಗ್ಯಾರಿಗೂ ಗೊತ್ತಿಲ್ಲದ ಹಾಗೆ ಅಪ್ಪ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದರು. ನಾನು ಯೂನಿಫಾರಂ ಕತ್ತರಿಸಿದ ಮೇಲೆ ಉಳಿಯುವ ಕಂದು ಕಾಗದದ ಚೂರುಗಳಲ್ಲಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ. ಹಾಸಿಗೆ ಕೊಡವಿದಾಗ ದಿಂಬಿನಡಿಯಿಂದ ಒಂದು ರಾಶಿ ಬಿತ್ತು, ಎಲ್ಲದರ ಮೇಲೂ ಒಂದೇ ಪದ. ನಿನ್ನ ಲ್ಯಾಬಿನವರು ಡಿಸೆಂಬರಿನಲ್ಲಿ ರಜೆ ಕೊಟ್ಟರೆ ಬಾ. ಕೊಡದಿದ್ದರೆ ಗಲಾಟೆ ಮಾಡಿ ಬಾ. ಅಳುತ್ತಾ ಕೂರಬೇಡ, ಆ ತಾತನ ಹಲ್ಲು ಮುಗಿಸಿ ಕೊಟ್ಟು ಬಾ. ಅವರು ಬೈದರೂ ಬೈಸಿಕೋ.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದೀಯಲ್ಲ. ಆ ಲೆಕ್ಕ ತಾವೇ ಬರೆಯುತ್ತಾರಂತೆ, ಕಾಗದ ಎಳೆಯುತ್ತಿದ್ದಾರೆ. ಹಿಡಿದುಕೊಂಡಿರುತ್ತೇನೆ. ಅಕ್ಷರ ಹೇಗಿದ್ದರೂ ಓದು.

ಮೂರು ಫುಲ್
ಒಂದು ಅರ್ಧ
ಮುಖ ನೋಡಿದೆ
ರೈಟ್